ಎರಡು ಸಲ ಓಡಿದರೂ ಒಂದೇ ಸಲ

ವರ್ಕ್‌ಫ್ಲೋ ಆಟೊಮೇಷನ್‌ಗೆ, ಅಂದರೆ ಒಂದರ ಹಿಂದೆ ಒಂದು ಕೆಲಸಗಳನ್ನು ತಾನೇ ನಡೆಸುವ ತಂತ್ರಾಂಶಕ್ಕೆ, ಪ್ಲಗ್‌ಇನ್ (ಹೊಸ ಸೌಲಭ್ಯ ಸೇರಿಸುವ ತುಣುಕು) ಬರೆಯಲು ಹೊರಟವರು ಮೊದಲು ಅದರ ಎಸ್‌ಡಿಕೆ (ಅದಕ್ಕೆ ಬೇಕಾದ ಸಿದ್ಧ ಕೋಡ್‌ನ ಕಟ್ಟು) ಇಳಿಸಿಕೊಳ್ಳುತ್ತಾರೆ. ಅದರ ಮಾದರಿ ಕೋಡ್ ಓಡಿಸುತ್ತಾರೆ, ಎರಡು ಸಾಲು ಬದಲಿಸುತ್ತಾರೆ, ಕೆಲಸ ಆಗುತ್ತದೆ. ಎಸ್‌ಡಿಕೆ ಅಂದರೆ ಟೈಪಿಂಗ್ ಉಳಿಸುವ ಸಲಕರಣೆ ಪೆಟ್ಟಿಗೆ ಅಂತ ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಈ ತಪ್ಪು ತಿಳಿವಳಿಕೆ ಕಂಡರೆ ನನಗೆ ತಡೆಯಲಾಗುವುದಿಲ್ಲ. ಟೈಪಿಂಗ್ ಉಳಿಯುವುದು ಸಣ್ಣ ಲಾಭ. ಒಳ್ಳೆಯ ಎಸ್‌ಡಿಕೆ ನಿಮ್ಮ ಮುಂದೆ ಇಡುವ ನಿಜವಾದ ಪ್ರಶ್ನೆ ಬೇರೆ: ನಿಮ್ಮ ಕೋಡ್ ಎರಡನೇ ಸಲ ಓಡಿದಾಗ ಏನಾಗುತ್ತದೆ? ಗಮನಿಸಿ, "ಓಡಿದರೆ" ಅಲ್ಲ, "ಓಡಿದಾಗ".

ಪ್ಲಗ್‌ಇನ್‌ನಲ್ಲಿ ಕೆಲಸ ಶುರುಮಾಡಿಸುವ ಟ್ರಿಗರ್ ಇರುತ್ತದೆ, ಕೆಲಸ ಮಾಡುವ ಆ್ಯಕ್ಷನ್ ಇರುತ್ತದೆ, ಯಾವ ಇನ್‌ಪುಟ್ ಬೇಕು ಅನ್ನುವ ವಿವರ ಇರುತ್ತದೆ. ಅದನ್ನು ಕರೆಯುವುದು ನೀವಲ್ಲ, ಹೆಜ್ಜೆಗಳನ್ನು ಓಡಿಸುವ ವರ್ಕ್‌ಫ್ಲೋ ಎಂಜಿನ್. ಯಾವಾಗ, ಎಷ್ಟು ಸಲ ಕರೆಯಬೇಕು ಅನ್ನುವುದು ಅದರ ಕೈಯಲ್ಲಿದೆ. ಅದಕ್ಕೇ ಆ ಪ್ರಶ್ನೆ ಬರುವುದು.

ಫಾರ್ಮ್ ಬಂತು, ಬಿಲ್ ಮಾಡು, ಮೇಲ್ ಕಳಿಸು ಅಂತ ಮೂರು ಹೆಜ್ಜೆಯ ವರ್ಕ್‌ಫ್ಲೋ ಇದೆ ಅಂದುಕೊಳ್ಳಿ. ಎರಡನೇ ಹೆಜ್ಜೆಯಲ್ಲಿ ಬಿಲ್ಲಿಂಗ್ ಸರ್ವರ್‌ಗೆ ಕೋರಿಕೆ ಹೋಯಿತು, ಮೂವತ್ತು ಸೆಕೆಂಡ್ ಕಾದರೂ ಉತ್ತರ ಬರಲಿಲ್ಲ. ಕೋರಿಕೆ ದಾರಿಯಲ್ಲೇ ಕಳೆದಿರಬಹುದು. ಸರ್ವರ್ ಅರ್ಧ ಕೆಲಸ ಮಾಡಿ ಬಿದ್ದಿರಬಹುದು. ಅಥವಾ ಬಿಲ್ ಸರಿಯಾಗಿಯೇ ಆಗಿ, "ಆಯಿತು" ಅನ್ನುವ ಉತ್ತರ ಮಾತ್ರ ಕಳೆದುಹೋಗಿರಬಹುದು. ಈ ಮೂರೂ ನಿಮ್ಮ ಕಡೆಯಿಂದ ನೋಡಿದರೆ ಒಂದೇ ಥರ ಕಾಣುತ್ತವೆ, ಅಲ್ವಾ? ಎಂಜಿನ್ ಮತ್ತೆ ಪ್ರಯತ್ನಿಸುತ್ತದೆ. ಮೂರನೆಯದು ನಡೆದಿದ್ದರೆ ಗ್ರಾಹಕರಿಗೆ ಎರಡು ಬಿಲ್.

ಇದು ಯಾರದೋ ಕೆಟ್ಟ ಕೋಡ್‌ನಿಂದ ಹುಟ್ಟಿದ ಸಮಸ್ಯೆ ಅಲ್ಲ. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟದ ನೀರಿನ ಪೈಪುಗಳನ್ನು ಜೋಡಿಸುವ ಹಾಗೆ ಪ್ರೋಗ್ರಾಮ್‌ಗಳನ್ನು ಜೋಡಿಸುವಂತಿರಬೇಕು ಅಂದಿದ್ದರು. 1973ರಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಪೈಪ್ (ಒಂದು ಪ್ರೋಗ್ರಾಮ್‌ನ ಔಟ್‌ಪುಟ್ ಇನ್ನೊಂದಕ್ಕೆ ಹರಿಸುವ ದಾರಿ) ಸೇರಿಸಿದಾಗ ಆ ಆಸೆ ಕೈಗೂಡಿತು. ಇವತ್ತಿನ ವರ್ಕ್‌ಫ್ಲೋ ಉಪಕರಣಗಳು ಆ ಆಸೆಯ ಮೊಮ್ಮಕ್ಕಳು. ಆದರೆ ಯುನಿಕ್ಸ್ ಪೈಪಿನ ಎರಡೂ ತುದಿ ಒಂದೇ ಯಂತ್ರದಲ್ಲಿದ್ದವು, ಒಂದು ತುದಿ ಸತ್ತರೆ ಆ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಗೊತ್ತಾಗುತ್ತಿತ್ತು. ನಮ್ಮ ಪೈಪುಗಳು ನೆಟ್‌ವರ್ಕ್ ದಾಟುತ್ತವೆ. ನಡುವೆ ಏನಾಯಿತು ಅಂತ ನೋಡಿ ಹೇಳುವವರು ಯಾರೂ ಇಲ್ಲ. ಕಳೆದುಹೋಗಬಲ್ಲ ಸಂದೇಶಗಳನ್ನು ಎಷ್ಟು ಸಲ ಕಳಿಸಿಕೊಂಡರೂ ಎರಡು ಕಡೆಯವರು ಪೂರ್ತಿ ಖಚಿತವಾಗಿ ಒಪ್ಪಂದಕ್ಕೆ ಬರಲಾರರು ಅನ್ನುವುದನ್ನು 1975ರ ಒಂದು ಪ್ರಬಂಧ ತೋರಿಸಿತು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆ ಅಂತ ಹೆಸರಿಟ್ಟರು. ಹಾಗಾಗಿ "ನಮ್ಮಲ್ಲಿ ಪ್ರತಿ ಸಂದೇಶ ಸರಿಯಾಗಿ ಒಂದೇ ಸಲ ತಲುಪುತ್ತದೆ" ಅನ್ನುವ ಜಾಹೀರಾತನ್ನು ಸುಮ್ನೆ ನಂಬಬೇಡಿ. ಸಂದೇಶ ಎರಡು ಸಲ ತಲುಪಿದರೂ ಪರಿಣಾಮ ಒಂದೇ ಸಲ ಆಗುವಂತೆ ನೋಡಿಕೊಳ್ಳಬಹುದು. ಸಾಧ್ಯವಿರುವುದು ಅಷ್ಟೇ, ಅಷ್ಟಾದರೆ ಸಾಕು ಕೂಡ.

ಈ ಗುಣಕ್ಕೆ ಐಡೆಂಪೊಟೆನ್ಸಿ ಅಂತ ಹೆಸರು. ಪದ ಕಂಪ್ಯೂಟರಿಗಿಂತ ಹಳೆಯದು. ಗಣಿತಜ್ಞ ಬೆಂಜಮಿನ್ ಪಿಯರ್ಸ್ 1870ರಲ್ಲಿ, ತನ್ನಿಂದಲೇ ಗುಣಿಸಿದರೂ ತಾನೇ ಆಗಿ ಉಳಿಯುವ ವಸ್ತುಗಳಿಗೆ ಇದನ್ನು ಬಳಸಿದರು. ಒಂದನ್ನು ಒಂದರಿಂದ ಗುಣಿಸಿ, ಒಂದೇ. "ಗಡಿಯಾರವನ್ನು ಏಳಕ್ಕೆ ಇಡು" ಅಂತ ಹತ್ತು ಸಲ ಹೇಳಿ, ಏಳೇ ಇರುತ್ತದೆ. "ಒಂದು ಗಂಟೆ ಮುಂದೆ ತಿರುಗಿಸು" ಅಂತ ಹತ್ತು ಸಲ ಹೇಳಿದರೆ ಗಡಿಯಾರ ಕೆಟ್ಟಂತೆ. "ದೀಪ ಹಚ್ಚು" ಅನ್ನುವುದು ಸುರಕ್ಷಿತ, "ದೀಪದ ಸ್ಥಿತಿ ಬದಲಿಸು" ಅನ್ನುವುದು ಅಪಾಯ. ಆ್ಯಕ್ಷನ್ ಬರೆಯುವಾಗ ನೀವು ಯಾವ ಬಗೆಯ ವಾಕ್ಯ ಬರೆಯುತ್ತಿದ್ದೀರಿ ಅಂತ ಕೇಳಿಕೊಳ್ಳಿ. ವೆಬ್‌ನಲ್ಲಿ ಕೋರಿಕೆ ಕಳಿಸುವ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲೂ ಈ ಭೇದ ಇದೆ: ಪುಟ್ (ಇದನ್ನು ಇಲ್ಲಿ ಇಡು) ಮತ್ತು ಡಿಲೀಟ್ (ಅಳಿಸು) ಐಡೆಂಪೊಟೆಂಟ್, ಪೋಸ್ಟ್ (ಹೊಸದಾಗಿ ಸೇರಿಸು) ಅಲ್ಲ.

ಆದರೆ ಬಿಲ್ ಮಾಡುವುದು ಸ್ವಭಾವದಲ್ಲೇ "ಇನ್ನೊಂದು ಸೇರಿಸು" ಅನ್ನುವ ಕೆಲಸ. ಅಲ್ಲಿ ಚೀಟಿ ಬೇಕು. ಕೋರಿಕೆಯ ಜೊತೆ ಆ ಚೀಟಿಯಾಗಿ ಒಂದು ಕೀ, ಅಂದರೆ ಆ ಕೆಲಸದ ಗುರುತು, ಕಳಿಸುತ್ತೀರಿ. ಆ ಕೀ ಮೊದಲೇ ನೋಡಿದ್ದರೆ ಸರ್ವರ್ ಹೊಸ ಕೆಲಸ ಮಾಡದೆ ಹಳೆಯ ಉತ್ತರವನ್ನೇ ವಾಪಸ್ ಕೊಡುತ್ತದೆ. ಪೇಮೆಂಟ್ ಸೇವೆ ಸ್ಟ್ರೈಪ್ ಹೀಗೇ ಮಾಡುತ್ತದೆ.

ಜಾಸ್ತಿ ಜನ ಎಡವುವುದು ಈ ಕೀ ಎಲ್ಲಿ ಹುಟ್ಟಬೇಕು ಅನ್ನುವಲ್ಲಿ. ಆ್ಯಕ್ಷನ್ ಫಂಕ್ಷನ್‌ನ ಮೊದಲ ಸಾಲಿನಲ್ಲಿ ರ‍್ಯಾಂಡಮ್ ಕೀ ಮಾಡಿಕೊಂಡರೆ, ಎಂಜಿನ್ ಆ ಫಂಕ್ಷನ್ನನ್ನು ಮತ್ತೆ ಕರೆದಾಗಲೆಲ್ಲ ಹೊಸ ಕೀ ಹುಟ್ಟುತ್ತದೆ, ಚೀಟಿ ಇದ್ದೂ ಇಲ್ಲದಂತೆ. ಸಮಯದಿಂದ ಮಾಡಿದರೂ ಅದೇ ಗತಿ. ಹಾಗಂತ ಬರೀ ಮಾಹಿತಿಯಿಂದ ಮಾಡಬೇಡಿ, ಒಬ್ಬರೇ ಒಂದೇ ವಸ್ತುವನ್ನು ಬೇಕೆಂದೇ ಎರಡು ಸಲ ಕೊಂಡಿರಬಹುದು. ಈ ಓಟದ (ವರ್ಕ್‌ಫ್ಲೋ ಒಂದು ಸಲ ಓಡುವುದರ) ಗುರುತು, ಹೆಜ್ಜೆಯ ಹೆಸರು, ಎಷ್ಟನೇ ಐಟಂ, ಈ ಮೂರನ್ನು ಸೇರಿಸಿ ಕೀ ಮಾಡಿ. ಮರುಪ್ರಯತ್ನದಲ್ಲಿ ಮೂರೂ ಬದಲಾಗುವುದಿಲ್ಲ, ಹೊಸ ಓಟದಲ್ಲಿ ಓಟದ ಗುರುತು ಬದಲಾಗುತ್ತದೆ. ಎಸ್‌ಡಿಕೆ ಈ ಓಟದ ಗುರುತನ್ನು ನಿಮ್ಮ ಫಂಕ್ಷನ್‌ಗೆ ಕೊಡುತ್ತದೆಯೇ ಅಂತ ನಾನು ಮೊದಲು ನೋಡುತ್ತೇನೆ.

ಟ್ರಿಗರ್‌ನಲ್ಲೂ ಇದೇ ತತ್ವ ಇದೆ. ವರ್ಕ್‌ಫ್ಲೋ ಸೇವೆ ಜಾಪಿಯರ್‌ನಲ್ಲಿ, ಹೊಸದೇನಾದರೂ ಬಂದಿದೆಯೇ ಅಂತ ಆಗಾಗ ಹೋಗಿ ನೋಡಿ ಬರುವ ಟ್ರಿಗರ್ ಪ್ರತಿ ಐಟಂಗೂ ಒಂದು ಐಡಿ ಕೊಡಲೇಬೇಕು. ಕಂಡ ಐಡಿಗಳನ್ನು ಜಾಪಿಯರ್ ನೆನಪಿಟ್ಟುಕೊಂಡು ಹೊಸದಕ್ಕೆ ಮಾತ್ರ ವರ್ಕ್‌ಫ್ಲೋ ಓಡಿಸುತ್ತದೆ.

ಕೀ ಒಪ್ಪದ ಸೇವೆಗಳು ಬೇಕಾದಷ್ಟಿವೆ. ಕಷ್ಟ ಅಲ್ಲಿದೆ. ಮೇಲ್ ಸರ್ವರ್ ಕೀ ಒಪ್ಪುವುದಿಲ್ಲ ಅಂದುಕೊಳ್ಳಿ. "ಕಳಿಸಿದೆ" ಅಂತ ಮೊದಲು ಬರೆದಿಟ್ಟು ಆಮೇಲೆ ಕಳಿಸಿದರೆ, ನಡುವೆ ಯಂತ್ರ ಬಿದ್ದಾಗ ಮೇಲ್ ಹೋಗುವುದೇ ಇಲ್ಲ. ಕಳಿಸಿದ ಮೇಲೆ ಬರೆದರೆ, ನಡುವೆ ಬಿದ್ದಾಗ ಎರಡು ಸಲ ಹೋಗುತ್ತದೆ. ಮೂರನೇ ದಾರಿ ಇಲ್ಲ. ಜ್ಞಾಪನೆಯ ಮೇಲ್ ಆದರೆ ನಾನು ಕಳಿಸಿದ ಮೇಲೆ ಬರೆದಿಡುತ್ತೇನೆ, ಎರಡು ಹೋದರೂ ಯಾರಿಗೂ ನಷ್ಟವಿಲ್ಲ. ಹಣದ ವಿಷಯವಾದರೆ ಮೊದಲೇ ಬರೆದಿಟ್ಟು, ಉತ್ತರ ಬಾರದ ಓಟವನ್ನು ಅಲ್ಲೇ ನಿಲ್ಲಿಸಿ, ಮನುಷ್ಯರೊಬ್ಬರ ಮುಂದೆ ಇಡುತ್ತೇನೆ.