ಇಲ್ಲದ ಇಲಿಯ ಕೈ ಹಿಡಿದು ಕುಣಿದದ್ದು ಹೇಗೆ?

ಓದುಗರ ಪ್ರಶ್ನೆ: "ನಾವಿಕನ ಉಡುಪು ತೊಟ್ಟ ಒಬ್ಬ ನಟ ಟಾಮ್ ಅಂಡ್ ಜೆರ್ರಿಯ ಜೆರ್ರಿ ಜೊತೆ ಕೈಕೈ ಹಿಡಿದು ಕುಣಿಯುವ ಹಳೇ ವಿಡಿಯೊ ತುಣುಕು ಫೋನಿಗೆ ಬಂದಿತ್ತು. 1945ರ ಸಿನಿಮಾದ್ದಂತೆ. ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರು? ಇಲಿಯ ವೇಷ ಹಾಕಿ ಯಾವುದಾದರೂ ಮಗುವನ್ನು ಕುಣಿಸಿದರೇ?"

ಮಗುವೂ ಇರಲಿಲ್ಲ, ಬೊಂಬೆಯೂ ಇರಲಿಲ್ಲ. ಕ್ಯಾಮೆರಾ ಓಡುತ್ತಿದ್ದಾಗ ಅಲ್ಲಿ ಕುಣಿಯುತ್ತಿದ್ದದ್ದು ಜೀನ್ ಕೆಲ್ಲಿ ಒಬ್ಬನೇ. ಅವನ ಕೈ ಹಿಡಿದದ್ದು ಬರೀ ಗಾಳಿಯನ್ನು. ಇಲಿ ಬಂದದ್ದು ಆಮೇಲೆ, ಚಿತ್ರಕಾರರ ಮೇಜಿನ ಮೇಲೆ. ಇಷ್ಟು ಹೇಳಿದರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು, ನಿಜ. ಆದರೆ ಚಿತ್ರ ಬರೆದು ಅಂಟಿಸಿದರು ಎಂದುಕೊಂಡರೆ ಆ ಕೆಲಸದ ಅರ್ಧ ಭಾಗ ಕಣ್ಣಿಗೇ ಬೀಳುವುದಿಲ್ಲ.

ಸಿನಿಮಾದ ಹೆಸರು 'ಆಂಕರ್ಸ್ ಅವೇ'. ಹಡಗು ಲಂಗರು ಕಿತ್ತು ಹೊರಟಿತು ಅನ್ನುವ ನಾವಿಕರ ಮಾತು ಅದು. ಎಂಜಿಎಂ ಸ್ಟುಡಿಯೊ 1944ರಲ್ಲಿ ಚಿತ್ರೀಕರಿಸಿ 1945ರ ಜುಲೈನಲ್ಲಿ ಬಿಡುಗಡೆ ಮಾಡಿತು. ಪೆಸಿಫಿಕ್ ಸಾಗರದಲ್ಲಿ ಇನ್ನೂ ಯುದ್ಧ ನಡೆಯುತ್ತಿತ್ತು. ನಿರ್ದೇಶಕ ಜಾರ್ಜ್ ಸಿಡ್ನಿ, ನಿರ್ಮಾಪಕ ಜೋ ಪಾಸ್ಟರ್ನಾಕ್. ಕಥೆ ಅಂಗೈ ಅಗಲದ್ದು. ನಾಲ್ಕು ದಿನದ ರಜೆಯಲ್ಲಿ ಇಬ್ಬರು ನಾವಿಕರು ಹಾಲಿವುಡ್‌ಗೆ ಬರುತ್ತಾರೆ. ಒಬ್ಬ ಬಾಯಿಬಡುಕ, ಹುಡುಗಿಯರ ವಿಷಯದಲ್ಲಿ ಪಳಗಿದವನಂತೆ ಆಡುವ ಕೆಲ್ಲಿ. ಇನ್ನೊಬ್ಬ ಮಾತಾಡಲೂ ನಾಚುವ ಫ್ರಾಂಕ್ ಸಿನಾಟ್ರಾ. ನೌಕಾಪಡೆ ಸೇರಬೇಕೆಂದು ಮನೆಬಿಟ್ಟು ಓಡಿಬಂದ ಪುಟ್ಟ ಹುಡುಗನೊಬ್ಬ ಗಂಟು ಬೀಳುತ್ತಾನೆ. ಅವನ ಚಿಕ್ಕಮ್ಮನಿಗೆ ಗಾಯಕಿಯಾಗುವ ಆಸೆ. ಮುಂದಿನದನ್ನು ನೀವೇ ಊಹಿಸಬಹುದು, ಊಹೆ ತಪ್ಪಾಗುವುದಿಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷದ ಈ ಸಿನಿಮಾ ನಡುನಡುವೆ ಎಳೆದಾಡುತ್ತದೆ ಅನ್ನುವುದನ್ನೂ ಮುಚ್ಚಿಡಬೇಕಾಗಿಲ್ಲ.

ಇಲಿಯ ಪ್ರಸಂಗ ಬರುವುದು ಶಾಲೆಯ ಮಕ್ಕಳಿಗೆ ಕೆಲ್ಲಿ ಹೇಳುವ ಕಥೆಯೊಳಗೆ. ಎದೆಯ ಮೇಲಿನ ಪದಕ ಹೇಗೆ ಬಂತು ಎಂದು ಮಕ್ಕಳು ಕೇಳುತ್ತಾರೆ. ಅವನು ಒಂದು ಕಟ್ಟುಕಥೆ ಬಿಡುತ್ತಾನೆ. ಒಂದು ರಾಜ್ಯದಲ್ಲಿ ಹಾಡು ಕುಣಿತ ಎಲ್ಲವೂ ನಿಷೇಧ. ಯಾಕೆಂದರೆ ರಾಜನಿಗೆ ಕುಣಿಯಲು ಬರುವುದಿಲ್ಲ, ಹಾಗಾಗಿ ಬೇರೆ ಯಾರೂ ಕುಣಿಯಕೂಡದು. ಸಿಂಹಾಸನದ ಮೇಲೆ ಮುಖ ಊದಿಸಿಕೊಂಡು ಕೂತ ಆ ರಾಜನೇ ಜೆರ್ರಿ. ನಾವಿಕ ಅವನಿಗೆ ಹೆಜ್ಜೆ ಕಲಿಸುತ್ತಾನೆ, ರಾಜ ಖುಷಿಯಾಗಿ ಪದಕ ಕೊಡುತ್ತಾನೆ.

ಕೆಲ್ಲಿಗೆ ಇದನ್ನು ಕಲ್ಪಿಸಿಕೊಟ್ಟವನು ಅವನ ಸಹಾಯಕ ಸ್ಟಾನ್ಲಿ ಡೊನೆನ್. 1924ರಲ್ಲಿ ಹುಟ್ಟಿದವನು, ಅಂದರೆ ಆಗಿನ್ನೂ ಇಪ್ಪತ್ತರ ಹುಡುಗ. ಮೊದಲು ಇಬ್ಬರಿಗೂ ಬೇಕಾಗಿದ್ದದ್ದು ಮಿಕ್ಕಿ ಮೌಸ್. ಅದಕ್ಕಾಗಿ ವಾಲ್ಟ್ ಡಿಸ್ನಿಯ ಬಳಿಗೂ ಹೋದರು. ಡಿಸ್ನಿಗೆ ಯೋಚನೆ ಹಿಡಿಸಿತು, ಆದರೆ ತನ್ನ ಮಿಕ್ಕಿಯನ್ನು ಎಂಜಿಎಂ ಕೆಲಸಕ್ಕೆ ಕಳಿಸಲು ಒಪ್ಪಲಿಲ್ಲ ಎಂದು ಡೊನೆನ್ ಮುಂದೆ ನೆನಪಿಸಿಕೊಳ್ಳುತ್ತಿದ್ದ. ಬೇರೆಯವರ ಇಲಿಗೆ ಬಾಗಿಲು ತಟ್ಟಿ ಬಂದ ಮೇಲೆ ಸ್ವಂತ ಮನೆಯ ಇಲಿ ನೆನಪಾಯಿತು. ಎಂಜಿಎಂನ ಕಾರ್ಟೂನ್ ವಿಭಾಗದಲ್ಲಿ ವಿಲಿಯಮ್ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ ಬೆಕ್ಕು-ಇಲಿಯ ಜಗಳ ಬರೆಯುತ್ತಿದ್ದರು. ಯುದ್ಧದ ನಡುವೆಯೇ ಜೆರ್ರಿ ಮೊಟ್ಟೆಗಳನ್ನು ಗ್ರೆನೇಡ್‌ ಮಾಡಿಕೊಂಡು ಟಾಮ್ ಮೇಲೆ ಎಸೆಯುವ 1943ರ ಒಂದು ಚಿತ್ರಕ್ಕೆ ಆಸ್ಕರ್ ಕೂಡ ಬಂದಿತ್ತು. ಹಾಗಾಗಿ ನಾವಿಕನ ಜೊತೆ ಕುಣಿಯಲು ಜೆರ್ರಿ ಏನೂ ಕಡಿಮೆ ಯೋಗ್ಯನಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಹಾಡಿನ ಧ್ವನಿಮುದ್ರಣ. ನಮ್ಮ ಸಿನಿಮಾಗಳಲ್ಲಿ ಪ್ಲೇಬ್ಯಾಕ್ ಅನ್ನುತ್ತೇವಲ್ಲ, ಅದೇ. ಹಾಡು ಒಮ್ಮೆ ಮುದ್ರಣವಾದರೆ ಲಯ ಕಲ್ಲಿನಲ್ಲಿ ಕೆತ್ತಿದ ಹಾಗೆ, ಎಷ್ಟನೇ ಫ್ರೇಮಿಗೆ, ಅಂದರೆ ಫಿಲ್ಮಿನ ಎಷ್ಟನೇ ಬಿಡಿ ಚಿತ್ರಕ್ಕೆ, ಯಾವ ತಾಳ ಬೀಳುತ್ತದೆ ಎಂಬುದು ಗೊತ್ತಿರುತ್ತದೆ. ಸೆಕೆಂಡಿಗೆ 24 ಫ್ರೇಮ್. ನಿಮಿಷಕ್ಕೆ 1,440. ನಾಲ್ಕು ನಿಮಿಷದ ಕುಣಿತವಾದರೆ 5,760.

ಆಮೇಲೆ ಕೆಲ್ಲಿಯ ಕುಣಿತ. ಇಲಿ ಈ ಹೆಜ್ಜೆಗೆ ಎಲ್ಲಿರುತ್ತದೆ, ಮುಂದಿನ ಹೆಜ್ಜೆಗೆ ಎಲ್ಲಿಗೆ ಜಿಗಿಯುತ್ತದೆ, ಎಷ್ಟು ಎತ್ತರ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಕೆಲ್ಲಿಯ ಕಣ್ಣು ಅಲ್ಲೇ ನಿಲ್ಲಬೇಕು. ಜೊತೆಗಾರ ಎದುರಿಗಿದ್ದರೆ ನೋಟ ತಾನಾಗಿಯೇ ಅವನ ಮುಖಕ್ಕೆ ಹೋಗುತ್ತದೆ. ಖಾಲಿ ಜಾಗವನ್ನು ನೋಡುವಾಗ ಕಣ್ಣು ಸುಮ್ಮನೆ ಆಚೆ ಗೋಡೆಗೆ ಹಾಯುತ್ತದೆ. ಅದು ತೆರೆಯ ಮೇಲೆ ತಕ್ಷಣ ಗೊತ್ತಾಗಿಬಿಡುತ್ತದೆ. ಆ ತುಣುಕನ್ನು ಮತ್ತೊಮ್ಮೆ ನೋಡುವಾಗ ಇಲಿಯನ್ನು ಬಿಟ್ಟು ಕೆಲ್ಲಿಯ ಕಣ್ಣನ್ನೇ ಹಿಂಬಾಲಿಸಿ. ಅಲ್ಲಿ ಯಾರೂ ಇರಲಿಲ್ಲ ಎಂದು ನಂಬುವುದೇ ಕಷ್ಟ. ಕೈಯೂ ಅಷ್ಟೇ. ಪುಟ್ಟದೊಂದು ಕೈಯನ್ನು ಹಿಡಿದಂತೆ ಬೆರಳು ಮಡಚಿದೆ, ಆ ಕೈಗೆ ಇರಬಹುದಾದ ಭಾರಕ್ಕೆ ತಕ್ಕಂತೆ ತೋಳು ಬಿಗಿಯಾಗುತ್ತದೆ.

ನನ್ನ ಮಟ್ಟಿಗೆ ಇದರಲ್ಲಿ ಅತಿ ಕಷ್ಟದ ಕುಣಿತ ಕ್ಯಾಮೆರಾದ್ದು. ಕ್ಯಾಮೆರಾ ಇಬ್ಬರನ್ನೂ ಚೌಕಟ್ಟಿನೊಳಗೆ ಹಿಡಿಯಬೇಕು, ಆದರೆ ಕಾಣುತ್ತಿರುವುದು ಒಬ್ಬನೇ. ಇಲಿ ಎಡಕ್ಕೆ ಓಡಿದಾಗ ಅತ್ತ ತಿರುಗಬೇಕು, ಅದಕ್ಕೆ ಜಾಗ ಬಿಡಬೇಕು, ತಾಳ ತಪ್ಪಬಾರದು. ಇದನ್ನೆಲ್ಲ ಎಣಿಸಿ, ಮಾತ್ರೆ ಮಾತ್ರೆಗೂ ಲೆಕ್ಕ ಕೊಟ್ಟು ನಡೆಸಿದವನು ಡೊನೆನ್. ಈ ಎಣಿಕೆಯ ಪಾಠ ಅವನಿಗೆ ಆಗಲೇ ಆಗಿತ್ತು. ಹಿಂದಿನ ಚಿತ್ರ 'ಕವರ್ ಗರ್ಲ್'ನಲ್ಲಿ (ಅದು 1944ರಲ್ಲಿ ಕೊಲಂಬಿಯಾ ಸ್ಟುಡಿಯೊದಿಂದ ಬಂದದ್ದು) ಅಂಗಡಿಯ ಗಾಜಿನಲ್ಲಿ ಕಂಡ ಕೆಲ್ಲಿಯ ಪ್ರತಿಬಿಂಬ ಬೀದಿಗಿಳಿದು ಅವನೊಂದಿಗೇ ಕುಣಿಯುತ್ತದೆ. ಒಂದೇ ಕುಣಿತವನ್ನು ಎರಡು ಸಲ ತೆಗೆದು ಒಂದರ ಮೇಲೊಂದು ಕೂರಿಸಿದ್ದು. ಎರಡನೇ ಸಲವೂ ಕ್ಯಾಮೆರಾ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹಾಗೆಯೇ ಚಲಿಸಬೇಕಿತ್ತು. ನಿರ್ದೇಶಕ ಚಾರ್ಲ್ಸ್ ವಿಡೋರ್‌ಗೆ ಇದು ಆಗುವ ಹೋಗುವ ಮಾತು ಅನ್ನಿಸಿರಲಿಲ್ಲ. ಆ ಹುಡುಗ ಎಣಿಸಿ ಎಣಿಸಿ ಮಾಡಿ ತೋರಿಸಿದ. ತನ್ನ ನೆರಳಿನ ಜೊತೆ ಕುಣಿದವನಿಗೆ ಮುಂದಿನ ಮೆಟ್ಟಿಲು ಇಲಿ.

ಚಿತ್ರೀಕರಣ ಮುಗಿದ ಮೇಲೆ ಫಿಲ್ಮು ಕಾರ್ಟೂನ್ ವಿಭಾಗಕ್ಕೆ ಹೋಯಿತು. ಒಂದೊಂದು ಫ್ರೇಮನ್ನೂ ದೊಡ್ಡದು ಮಾಡಿ, ಕೆಲ್ಲಿಯ ಕೈಕಾಲು ಎಲ್ಲಿದೆ ಎಂದು ಗುರುತಿಸಿಕೊಂಡು, ಅದಕ್ಕೆ ಹೊಂದುವಂತೆ ಜೆರ್ರಿಯನ್ನು ಬರೆಯುತ್ತಾರೆ. ರೋಟೊಸ್ಕೋಪ್ ಎಂಬ ಈ ಉಪಾಯ ಹೊಸದಲ್ಲ, ಮ್ಯಾಕ್ಸ್ ಫ್ಲೈಶರ್‌ಗೆ ಅದರ ಪೇಟೆಂಟ್ 1917ರಲ್ಲೇ ಸಿಕ್ಕಿತ್ತು. ಮನುಷ್ಯರನ್ನೂ ಕಾರ್ಟೂನನ್ನೂ ಒಂದೇ ತೆರೆಯಲ್ಲಿ ತೋರಿಸುವುದೂ ಮೂಕಿ ಚಿತ್ರಗಳ ಕಾಲದಿಂದ ಇದ್ದದ್ದೇ. ಆದರೆ ಪಕ್ಕದಲ್ಲಿ ನಿಲ್ಲಿಸುವುದು ಬೇರೆ, ಕೈ ಹಿಡಿಸಿ ಕುಣಿಸುವುದು ಬೇರೆ. ಮಾಮೂಲಿ ಕಾರ್ಟೂನಿನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್‌ಗೆ ಬಳಸಿದರೂ ನಡೆಯುತ್ತದೆ, ಸೆಕೆಂಡಿಗೆ ಹನ್ನೆರಡು ಚಿತ್ರ ಸಾಕು. ಇಲ್ಲಿ ಹಾಗಾಗದು. ಕೆಲ್ಲಿಯ ಕೈ ಪ್ರತಿ ಫ್ರೇಮಿನಲ್ಲೂ ಒಂದಿಷ್ಟು ಸರಿದಿರುತ್ತದೆ. ಆ ಕೈಯಲ್ಲಿರುವ ಇಲಿಯ ಕೈ ಒಂದು ಫ್ರೇಮು ಹಿಂದೆ ಬಿದ್ದರೂ ಹಿಡಿತ ಬಿಟ್ಟುಹೋಗುತ್ತದೆ.

ಬರೆದದ್ದನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಿಳಿಸಿ ಬಣ್ಣ ತುಂಬುತ್ತಾರೆ. ಅದನ್ನು ಕೆಲ್ಲಿಯ ಫಿಲ್ಮಿನ ಮೇಲೆ ಸುಮ್ಮನೆ ಮುದ್ರಿಸಿದರೆ ಇಲಿಯ ಹೊಟ್ಟೆಯೊಳಗಿಂದ ಅರಮನೆಯ ನೆಲ ಕಾಣುತ್ತದೆ, ಜೆರ್ರಿ ದೆವ್ವವಾಗಿಬಿಡುತ್ತಾನೆ. ಆಗಿನ ಪದ್ಧತಿಯಲ್ಲಿ ಇದಕ್ಕೆ ಮದ್ದೆಂದರೆ ಇಲಿಯ ಆಕಾರದ್ದೇ ಒಂದು ಕಪ್ಪು ಮುಸುಕು. ಅಷ್ಟು ಜಾಗವನ್ನು ಮೊದಲು ಮುಚ್ಚಿಟ್ಟು ಉಳಿದದ್ದನ್ನು ಮುದ್ರಿಸಿ, ಆಮೇಲೆ ಆ ಖಾಲಿ ಜಾಗಕ್ಕೆ ಇಲಿಯನ್ನು ತುಂಬುವುದು.

ನೆಲವನ್ನೂ ಒಮ್ಮೆ ಗಮನಿಸಿ. ನುಣುಪಾದ ನೆಲದಲ್ಲಿ ಕೆಲ್ಲಿಯ ಪ್ರತಿಬಿಂಬ ಬಿದ್ದಿದೆ, ಪಕ್ಕದಲ್ಲಿ ಜೆರ್ರಿಯದೂ ಇದೆ. ಕೆಲಸವೆಲ್ಲ ಮುಗಿದ ಮೇಲೆ ಇಲಿಗೆ ಪ್ರತಿಬಿಂಬ ಬರೆದೇ ಇಲ್ಲ ಎಂಬುದು ಗೊತ್ತಾಗಿ ಮತ್ತೆ ಕೂತು ಬರೆದರು ಎಂಬ ಕಥೆ ಸಿನಿಮಾ ಮಂದಿಯ ಬಾಯಲ್ಲಿದೆ. ಕಥೆ ಏನೇ ಇರಲಿ, ಆ ತಲೆಕೆಳಗಾದ ಇಲಿಯನ್ನೂ ಯಾರೋ ಕೈಯಲ್ಲೇ ಬರೆದಿದ್ದಾರೆ.

ಚಿತ್ರೀಕರಣವಾದ ಮೇಲೆ, 1944ರ ಕೊನೆಗೆ, ಕೆಲ್ಲಿ ನಿಜವಾದ ನೌಕಾಪಡೆಗೇ ಸೇರಿದ. ಕಿವಿತಮಟೆಯ ತೊಂದರೆಯಿಂದ ಸೇನೆಗೆ ಅನರ್ಹನಾಗಿದ್ದ ಸಿನಾಟ್ರಾ ಹಾಡುತ್ತಾ ಊರಲ್ಲೇ ಉಳಿದ. ಸಿನಿಮಾಕ್ಕೆ ಸಂಗೀತ ಸಂಯೋಜನೆಯ ಆಸ್ಕರ್ ಬಂತು, ಕೆಲ್ಲಿಯ ಹೆಸರು ಅತ್ಯುತ್ತಮ ನಟನ ಪಟ್ಟಿಯಲ್ಲಿತ್ತಾದರೂ ಪ್ರಶಸ್ತಿ ರೇ ಮಿಲಂಡ್ ಪಾಲಾಯಿತು. 1953ರಲ್ಲಿ ಎಂಜಿಎಂ ಇನ್ನೊಂದು ಸಿನಿಮಾದಲ್ಲಿ ಈಜುಗಾರ್ತಿ ಎಸ್ತರ್ ವಿಲಿಯಮ್ಸ್ ಜೊತೆ ಜೆರ್ರಿಯನ್ನು ನೀರಿಗೂ ಇಳಿಸಿತು. ಆಗ ಟಾಮ್ ಕೂಡ ಈಜಿದ.

ಹಾಗಾದರೆ 1945ರ ಕುಣಿತದಲ್ಲಿ ಟಾಮ್ ಎಲ್ಲಿದ್ದ? ಇದ್ದಾನೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತಾನೆ. ಅರಮನೆಯ ಆಳಾಗಿ, ರಾಜ ಜೆರ್ರಿಗೆ ತಟ್ಟೆಯಲ್ಲಿ ಚೀಸ್ ಹಿಡಿದು ಬರುವವನು ಅವನೇ.