ನಾಳೆಗೆ ಎಷ್ಟು ಅಕ್ಕಿ ನೆನೆಸಬೇಕು?

ಮುಂಬೈನ ಮಾಟುಂಗಾದಲ್ಲಿ ನಮ್ಮ ಮಾವನ ಸಣ್ಣ ಹೋಟೆಲ್ ಇದೆ. ನಾಳೆಯ ಇಡ್ಲಿಗೆ ಎಷ್ಟು ಅಕ್ಕಿ ನೆನೆಸಬೇಕು ಅನ್ನುವುದನ್ನು ಅವರು ಇವತ್ತು ಮಧ್ಯಾಹ್ನವೇ ತೀರ್ಮಾನಿಸಬೇಕು. ಮಳೆ, ಹಬ್ಬ, ಶಾಲೆ ರಜೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅವರ ಅಂದಾಜು ಒಳ್ಳೆಯದೇ? ಹಿಟ್ಟು ಎಷ್ಟು ಉಳಿಯಿತು ಅಂತ ನೋಡಿದರೆ ಸಾಲದು. 'ಇವತ್ತು ಹೋದಷ್ಟೇ ನಾಳೆಯೂ ಹೋಗುತ್ತದೆ' ಅಂತ ಸುಮ್ನೆ ಹೇಳಿದ್ದರೆ ಎಷ್ಟು ತಪ್ಪುತ್ತಿತ್ತು? ಅದಕ್ಕಿಂತ ಕಡಿಮೆ ತಪ್ಪಿದರೆ ತಾನೇ ಅಷ್ಟೆಲ್ಲ ಯೋಚಿಸಿದ್ದಕ್ಕೆ ಬೆಲೆ!

ಮಾಟುಂಗಾದಿಂದ ಲೋಕಲ್ ಹತ್ತಿ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದರೆ ರಿಸರ್ವ್ ಬ್ಯಾಂಕಿನ ಕಚೇರಿ ಹತ್ತಿರ. ಅಲ್ಲಿನ ಅಂದಾಜಿಗೂ ಇದೇ ಪರೀಕ್ಷೆ. 2024ರ ಜುಲೈ–ಸೆಪ್ಟೆಂಬರ್‌ನಲ್ಲಿ ಜಿಡಿಪಿ ಶೇ 7.0ರಷ್ಟು ಬೆಳೆದಿರುತ್ತದೆ ಎಂದು ಅಕ್ಟೋಬರ್‌ನಲ್ಲಿ ಬ್ಯಾಂಕ್ ಹೇಳಿತ್ತು. ನವೆಂಬರ್ ಕೊನೆಗೆ ಸರ್ಕಾರದ ಅಂಕಿ ಬಂತು: ಶೇ 5.4. ತಪ್ಪಿದ್ದು 1.6. ಅದರ ಹಿಂದಿನ ಮೂರು ತಿಂಗಳ ಬೆಳವಣಿಗೆ ಶೇ 6.7 ಇತ್ತು. ಅದನ್ನೇ ಮತ್ತೆ ಹೇಳಿದ್ದರೆ ತಪ್ಪು 1.3 ಮಾತ್ರ.

ಹಾಗಂತ ಬ್ಯಾಂಕಿನ ಲೆಕ್ಕ ಕೆಲಸಕ್ಕೆ ಬಾರದು ಅನ್ನುವುದು ಅನ್ಯಾಯ. ಒಂದು ದಿನದ ಹಿಟ್ಟಿನಿಂದ ಮಾವನನ್ನು ಅಳೆಯಲಾಗದು, ಅಲ್ವಾ? ಹಲವು ವರ್ಷಗಳ ತಪ್ಪುಗಳನ್ನು ಒಟ್ಟಿಗೆ ನೋಡಬೇಕು. ಅವನ್ನು ಹಾಗೇ ಕೂಡಿಸಿದರೆ ಜಾಸ್ತಿ ಹೇಳಿದ್ದೂ ಕಡಿಮೆ ಹೇಳಿದ್ದೂ ವಜಾ ಆಗಿ ಸೊನ್ನೆ ಬರಬಹುದು. ಅದಕ್ಕೆ ಪ್ರತಿ ತಪ್ಪನ್ನೂ ವರ್ಗ ಮಾಡಿ, ಅಂದರೆ ಅದನ್ನು ಅದರಿಂದಲೇ ಗುಣಿಸಿ, ಸರಾಸರಿ ತೆಗೆಯುತ್ತಾರೆ. ಆಗ ಒಂದು ದೊಡ್ಡ ತಪ್ಪು ನಾಲ್ಕಾರು ಸಣ್ಣ ತಪ್ಪುಗಳಿಗಿಂತ ಭಾರವಾಗುತ್ತದೆ. ಬ್ಯಾಂಕಿನ ಅಂದಾಜು, 'ಹಿಂದಿನಷ್ಟೇ' ಅನ್ನುವ ಅಂದಾಜು, ಇವೆರಡರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ನಿಜವೋ, ಬರೀ ಅದೃಷ್ಟವೋ ಎಂದು ನೋಡಲು ಡೀಬೋಲ್ಡ್ ಮತ್ತು ಮರಿಯಾನೊ ಎಂಬ ಅರ್ಥಶಾಸ್ತ್ರಜ್ಞರು 1995ರಲ್ಲಿ ಒಂದು ಪರೀಕ್ಷೆ ಕೊಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ.

ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಮಾವನ ಪಾತ್ರೆಯಲ್ಲಿ ಉಳಿದ ಹಿಟ್ಟು ರಾತ್ರಿಯೇ ಕಣ್ಣಿಗೆ ಕಾಣುತ್ತದೆ. ಜಿಡಿಪಿ ಹಾಗಲ್ಲ. ಹೊಸ ಮಾಹಿತಿ ಬಂದ ಹಾಗೆ ಹಳೆಯ ಅಂಕಿಯೇ ಬದಲಾಗುತ್ತದೆ. ಆ 5.4 ಮುಂದಿನ ಫೆಬ್ರವರಿಯಲ್ಲಿ 5.6 ಆಯಿತು. ಬ್ಯಾಂಕಿನ ತಪ್ಪು ಕೂತಲ್ಲೇ 1.4ಕ್ಕೆ ಇಳಿಯಿತು. ಅದಕ್ಕೇ ಯಾರಾದರೂ 'ಇವರ ಅಂದಾಜು ಇಷ್ಟು ತಪ್ಪಿತು' ಅಂದರೆ, ಯಾವ ತಿಂಗಳ ಅಂಕಿ ಹಿಡಿದು ಅಳೆದಿರಿ ಅಂತ ನಾನು ಮೊದಲು ಕೇಳುತ್ತೇನೆ.