5 ವ್ಯಾಟಿನ ವಾಲ್ವ್ ಆಂಪ್‌ಗೆ ಬೇಸ್ ಗಿಟಾರ್ ಹಾಕಬಹುದಾ?

ಶಿರಸಿಯಿಂದ ಒಬ್ರು ಕೇಳಿದ್ದಾರೆ: "ಗಿಟಾರ್‌ಗೆ ಅಂತ ಕಟ್ಟಿದ 5 ವ್ಯಾಟ್ ವಾಲ್ವ್ (ಹಳೇ ರೇಡಿಯೋದಲ್ಲಿರೋ ಥರದ ಗಾಜಿನ ಟ್ಯೂಬ್) ಆಂಪ್ ಇದೆ, ಅದಕ್ಕೆ ಬೇಸ್ ಹಾಕಿದ್ರೆ ದಪ್ಪ ತಂತಿ ಬರೀ ಗೊರಗೊರ ಅಂತದೆ. ವ್ಯಾಟ್ ಸಾಲ್ತಾ ಇಲ್ವಾ?"

ವ್ಯಾಟೂ ಕಮ್ಮಿನೇ, ಆದ್ರೆ ಅದಕ್ಕಿಂತ ಮೊದಲು ಕಮ್ಮಿ ಬೀಳೋದು ಕಬ್ಬಿಣ. ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಕೂತಿರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನೋಡಿ, ಮುಷ್ಟಿಯೊಳಗೆ ಹಿಡಿಯೋಷ್ಟು ಚಿಕ್ಕದಿದ್ರೆ ಅದು ಬೇಸಿಗೆ ಆಗೋದಲ್ಲ. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಬೇಸಿಂದು 41, ಫ್ರೀಕ್ವೆನ್ಸಿ ಅರ್ಧ ಆಯ್ತು ಅಂದ್ರೆ ಅಷ್ಟೇ ವೋಲ್ಟೇಜಿಗೆ ಕೋರ್ (ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು) ಒಳಗಿನ ಫ್ಲಕ್ಸ್, ಅಂದ್ರೆ ಕಾಂತದ ಹರಿವು, ಎರಡು ಪಟ್ಟು ಆಗ್ತದೆ, ಕೋರ್ ತುಂಬಿ ಹೋಗ್ತದೆ, ಆ ಗೊರಗೊರ ಶುರುವಾಗೋದು ಅಲ್ಲೇ. ಇನ್ನೊಂದು ವಿಷ್ಯ, ಒಂದೇ ವಾಲ್ವಿನ ಆಂಪಲ್ಲಿ ಡಿಸಿ ಕರೆಂಟ್ ಕೂಡ ಅದೇ ಸುರುಳಿ ಮೂಲಕ ಹರೀತದೆ, ಅದಕ್ಕೇ ಕೋರ್‌ನಲ್ಲಿ ಗ್ಯಾಪ್ ಬಿಡ್ಬೇಕು, ಗ್ಯಾಪ್ ಬಿಟ್ರೆ ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ಸುರುಳಿ ತಡೆಯೋ ಗುಣ) ಇಳೀತದೆ, ಇಂಡಕ್ಟನ್ಸ್ ಇಳಿದ್ರೆ ತಳದ ಸ್ವರ ಸೋರಿ ಹೋಗ್ತದೆ. ನಾನೂ ಕಾರವಾರದ ಮನೇಲಿ ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರ್ ಹಾಕಿ ಮೊದಲ ಆಂಪ್ ಕಟ್ಟಿದಾಗ ಆಗಿದ್ದು ಇದೇ: ತೆಳ್ಳಗಿನ ತಂತಿ ಚಂದ, ದಪ್ಪ ತಂತಿ ಮಾತ್ರ ಒಡೀತಿತ್ತು.

ಹೊಸದಾಗಿ ಕಟ್ಟೋದಾದ್ರೆ ಎರಡು ಇಎಲ್84 ವಾಲ್ವ್ ಹಾಕಿ ಪುಶ್-ಪುಲ್ ಮಾಡಿ, ಅಂದ್ರೆ ಒಂದು ತಳ್ಳಿದಾಗ ಇನ್ನೊಂದು ಎಳೆಯೋ ಜೋಡಿ. ಎರಡು ಕಡೆಯ ಡಿಸಿ ಒಂದನ್ನೊಂದು ಕಳೆದುಕೊಳ್ತದೆ, ಗ್ಯಾಪ್ ಬೇಡ, 12 ವ್ಯಾಟ್ ಹತ್ರ ಸಿಗ್ತದೆ. ಟ್ರಾನ್ಸ್‌ಫಾರ್ಮರ್ ಮಾತ್ರ 25 ವ್ಯಾಟಿಂದು ತಗೊಳ್ಳಿ, ಇಲ್ಲಿ ಕಾಸು ಉಳಿಸ್ಬೇಡಿ. ಒಂದು ವಾಲ್ವಿಂದ ಮುಂದಿನದಕ್ಕೆ ಸಿಗ್ನಲ್ ದಾಟಿಸೋ ಕಪ್ಲಿಂಗ್ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್, ಆ ಮುಂದಿನ ವಾಲ್ವಿನ ಗ್ರಿಡ್ ರೆಸಿಸ್ಟರ್ 220ಕೆ (2.2 ಲಕ್ಷ ಓಮ್) ಇದ್ರೆ 33 ಹರ್ಟ್ಜ್‌ಗೇ 3 ಡಿಬಿ (ಶಕ್ತಿಯಲ್ಲಿ ಅರ್ಧ) ಇಳೀತದೆ, ಬೇಸಿನ 41 ಅದ್ರ ಹತ್ರಾನೇ ಇದೆ, ಹಂಗಾಗಿ 0.047 ಹಾಕಿ.

ಕ್ಯಾಬಿನೆಟ್ ಬಗ್ಗೆ ಯಾರೂ ಯೋಚ್ನೆನೇ ಮಾಡೋದಿಲ್ಲ! ಗಿಟಾರ್ ಕಾಂಬೋದ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಲಿರೋದು) ಹಿಂದೆ ತೆರೆದಿರ್ತದೆ, ಸ್ಪೀಕರ್ ಹಿಂದಿನ ಅಲೆ ಮುಂದಿಂದನ್ನು ತಿಂದು ಹಾಕ್ತದೆ, ತಳ ಎಲ್ಲಿಂದ ಬರ್ಬೇಕು? ಮುಚ್ಚಿದ ಪೆಟ್ಟಿಗೆ ಬೇಕು, ಸ್ಪೀಕರ್ ಬೇಸಿಂದೇ ಆಗ್ಬೇಕು. ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಎಷ್ಟು ಸದ್ದು ಅನ್ನೋದು) 3 ಡಿಬಿ ಜಾಸ್ತಿ ಇರೋ ಸ್ಪೀಕರ್ ಸಿಕ್ರೆ ಆಂಪಿನ ವ್ಯಾಟ್ ಎರಡು ಪಟ್ಟು ಮಾಡಿದ ಹಾಗೇ.

ನಮ್ಮ ಕರಾವಳಿಯವರು ಇನ್ನೊಂದು ನೋಡ್ಕೋಬೇಕು. ಮಳೆಗಾಲ ಮುಗಿಯೋದ್ರೊಳಗೆ ವಾಲ್ವಿನ ಸಾಕೆಟ್ ಪಿನ್ನಿನ ಮೇಲೆ ಹಸಿರು ಪುಡಿ ಕೂತಿರ್ತದೆ, ಆಂಪ್ ಪಟಪಟ ಅನ್ನೋದು ಅದ್ರಿಂದಲೇ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ವಾಲ್ವ್ ನಾಕು ಸಲ ಹಾಕಿ ತೆಗೀರಿ. ಆದ್ರೆ ಒಳಗೆ ಕೈ ಹಾಕೋ ಮುಂಚೆ ಪ್ಲಗ್ ಕಿತ್ತು ಫಿಲ್ಟರ್ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಮೀಟರಲ್ಲಿ ಸೊನ್ನೆ ನೋಡೋ ತನಕ ಮುಟ್ಬೇಡಿ, 300 ವೋಲ್ಟ್ ಅಲ್ಲೇ ಕೂತಿರ್ತದೆ, ಜೀವ ತೆಗೀತದೆ. ಸ್ಪೀಕರ್ ಹಾಕದೆ ಆಂಪ್ ಆನ್ ಮಾಡೋದೂ ಬೇಡ, ಟ್ರಾನ್ಸ್‌ಫಾರ್ಮರ್ ಸುಟ್ಟೀತು.

12 ವ್ಯಾಟಲ್ಲಿ ಮನೆ ಪ್ರಾಕ್ಟೀಸು, ರೆಕಾರ್ಡಿಂಗು, ಚರ್ಚ್ ಕ್ವಾಯರಲ್ಲಿ ಕೀಬೋರ್ಡ್ ಜೊತೆ ನುಡಿಸೋದು ಆರಾಮಾಗಿ ಆಗ್ತದೆ. ಡ್ರಮ್ಸ್ ಇದ್ರೆ ಆಂಪಿಂದ ಲೈನ್ ಔಟ್ (ಸಿಗ್ನಲ್ ಹೊರಗೆ ಕೊಡೋ ಜ್ಯಾಕ್) ತೆಗೆದು ಪಿಎಗೆ, ಅಂದ್ರೆ ಸಭಾಂಗಣದ ಧ್ವನಿವರ್ಧಕಕ್ಕೆ, ಕೊಡಿ.